ಪಾತ್ರೆ ತೊಳೆಯದ ಪೆಟ್ಟಿಗೆ

ಅಡುಗೆಯನ್ನು ಹೊಗಳಿದವರನ್ನು ನಾನು ನೋಡಿದ್ದೇನೆ. ಸಾರಿಸಿದ ನೆಲವನ್ನು, ಬಾಗಿಲ ಮುಂದಿನ ರಂಗೋಲಿಯನ್ನು, ಕಡೆಗೆ ಒಗೆದ ಪಂಚೆಯ ಬಿಳುಪನ್ನು ಹೊಗಳಿದವರೂ ಇದ್ದಾರೆ. ಆದರೆ ತೊಳೆದ ಪಾತ್ರೆಯನ್ನು ಹೊಗಳಿದ ಒಬ್ಬ ಮನುಷ್ಯನನ್ನು ಈವರೆಗೆ ಕಂಡಿಲ್ಲ. "ತಪ್ಪಲೆಯ ತಳ ಎಷ್ಟು ಚೆನ್ನಾಗಿ ತಿಕ್ಕಿದ್ದೀಯಮ್ಮ" ಎಂದು ಯಾವ ನೆಂಟನೂ ಊಟ ಮುಗಿಸಿ ಏಳುವಾಗ ಹೇಳಿದ್ದಿಲ್ಲ. ಮದುವೆಯಾಗಿ ಯಲಿಯೂರಿನಿಂದ ಮಂಡ್ಯಕ್ಕೆ ಬಂದ ಹೊಸದರಲ್ಲಿ ಈ ಅನ್ಯಾಯದ ಬಗ್ಗೆ ನಾನು ಬಹಳ ಯೋಚಿಸುತ್ತಿದ್ದೆ. ಬೂದಿ, ತೆಂಗಿನ ನಾರು ಹಿಡಿದು ಹಿತ್ತಿಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಿಂದಿನ ದಿನ ಮುದ್ದೆ ತಿರುವಿದ ಪಾತ್ರೆಯನ್ನು ಕೆರೆಯುವವರಿಗೆ ಯೋಚನೆ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ರಾಗಿ ಹಿಟ್ಟು ಒಣಗಿ ತಳ ಹಿಡಿದರೆ ಅದರ ಬಿಗಿ ಎಂಥದೆಂದು ಗೊತ್ತಿದ್ದವರು ಮನೆ ಕಟ್ಟಿಸಲು ಸಿಮೆಂಟು ಯಾಕೆ ತರುತ್ತಾರೋ ನನಗೆ ಅರ್ಥವಾಗಿಲ್ಲ.

ಇಂಥ ನನ್ನ ಮನೆಗೆ ಎಪ್ಪತ್ತರ ದಶಕದ ನಡುವಿನಲ್ಲಿ, ಮಿಕ್ಸಿ ಇದ್ದ ಮನೆಯನ್ನೇ ಜನ ಬೆರಳು ಮಾಡಿ ತೋರಿಸುತ್ತಿದ್ದ ಕಾಲದಲ್ಲಿ, ಪಾತ್ರೆ ತೊಳೆಯುವ ಯಂತ್ರ ಬಂತು. ಅದು ಬಂದದ್ದು ಕಬ್ಬಿನ ಲಾರಿಯಲ್ಲಿ, ಕಬ್ಬಿನ ಜಲ್ಲೆಗಳ ಮೇಲೆ ಮದುಮಗನ ಹಾಗೆ ಕೂತು. ಆದರೆ ಅದು ಬಂದು ಮಾಡಿದ್ದೇನೆಂದು ಹೇಳಬೇಕಾದರೆ ನಮ್ಮ ಮನೆಯ ಇಬ್ಬರು ಗಂಡಸರ ಬಗ್ಗೆ ಮೊದಲು ಹೇಳಬೇಕು.

ನಮ್ಮ ಮಾವನವರು ಶಿವನಸಮುದ್ರದ ಪವರ್ ಹೌಸಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಬೀದಿಯಲ್ಲಿ ದೀಪ ಹತ್ತಿದರೆ ಅದು ತಾವೇ ಕಳಿಸಿದ ಕರೆಂಟು ಎಂಬ ಅಭಿಮಾನ, ಹೋದರೆ ತಮಗೇ ಆದ ಅವಮಾನ. ಮಗನನ್ನೂ ಅದೇ ಕೆಲಸಕ್ಕೆ ಸೇರಿಸಬೇಕೆಂದು ಎಲೆಕ್ಟ್ರಿಕಲ್ ಡಿಪ್ಲೊಮಾಕ್ಕೆ ಹಾಕಿದ್ದರು. ಮಗ, ಅಂದರೆ ನಮ್ಮ ಯಜಮಾನರು, ಅದನ್ನು ಅರ್ಧಕ್ಕೆ ಬಿಟ್ಟು ಬಿ.ಎ. ಓದಿ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟರಾದರು. ಅಲ್ಲಿಂದ ಅಪ್ಪ ಮಗನ ನಡುವೆ ನೇರ ಮಾತು ನಿಂತಿತು. ಜಗಳವೇನೂ ಇಲ್ಲ. ಒಂದೇ ಸೂರು, ಒಂದೇ ಸಾಲಿನಲ್ಲಿ ಊಟ, ಹಂಚಿಕೊಂಡು ಓದುವ ಒಂದೇ ಪತ್ರಿಕೆ. ಮಾತು ಮಾತ್ರ ಅತ್ತೆಯವರ ಮೂಲಕ. ಅತ್ತೆ ತೀರಿಕೊಂಡಾಗ ಅವರ ಕಾಸಿನ ಸರ, ಬೀಗದ ಕೈ ಗೊಂಚಲು, ಈ ಉದ್ಯೋಗ ಮೂರೂ ನನ್ನ ಪಾಲಿಗೆ ಬಂದವು.

"ಅವ್ನಿಗೆ ಯೋಳವ್ವ, ಗದ್ದೆ ಮಾಡೋನು ಬಂದಿದ್ದ ಅಂತ" ಎಂದು ಮಾವ ಜಗಲಿಯಿಂದ ಕೂಗುವರು. ಟರ್ಬೈನಿನ ಸದ್ದಿನಲ್ಲಿ ಬಾಳಿದವರಾದ್ದರಿಂದ ಅವರಿಗೆ ಕಿವಿ ಸ್ವಲ್ಪ ಮಂದ, ಗಂಟಲು ಬಹಳ ದೊಡ್ಡದು. ಎದುರು ಮನೆಯವರಿಗೂ ಕೇಳಿಸಿದ ಆ ಮಾತು ಒಳಗೆ ಕೂತ ಯಜಮಾನರಿಗೆ ನಾನು ಹೋಗಿ ಹೇಳುವವರೆಗೆ ಕೇಳಿಸುತ್ತಿರಲಿಲ್ಲ. ಹೇಳಿದ ಮೇಲೆ, "ಅಪ್ಪಂಗೆ ಹೇಳು, ಭಾನುವಾರ ಬರೋಕೆ ಹೇಳ್ಲಿ." ನಾನು ಮತ್ತೆ ಜಗಲಿಗೆ. ಇದು ಬರೀ ಓಡಾಟದ ಕೆಲಸವೂ ಅಲ್ಲ. ಕೆಲವು ಮಾತುಗಳನ್ನು ಇಬ್ಬರೂ ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಕಿವಿಗೆ ಮಾತ್ರ ಹಾಕುತ್ತಿದ್ದರು. ಅವನ್ನು ನಾನು ಸೋಸಿ ಮುಟ್ಟಿಸುತ್ತಿದ್ದೆ. "ಪೆದ್ದನನ್ಮಗ, ಕಾಸಿನ ಬೆಲೆ ಗೊತ್ತಿಲ್ಲ" ಎಂದು ಹೊರಟದ್ದು, "ಸ್ವಲ್ಪ ನೋಡಿಕೊಂಡು ಖರ್ಚು ಮಾಡಿದರೆ ಒಳ್ಳೆಯದಿತ್ತು ಅಂತಿದ್ದರು" ಎಂದು ತಲುಪುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಸಂಭಾವಿತರೆಂದು ತಿಳಿದುಕೊಂಡಿದ್ದರೆ ಅದಕ್ಕೆ ನಾನೇ ಕಾರಣ.

ಯಂತ್ರವನ್ನು ತಂದವನು ಚಿಕ್ಕಬೋರಯ್ಯ, ಪವರ್ ಹೌಸಿನಲ್ಲಿ ಮಾವನ ಕೈಕೆಳಗೆ ಇದ್ದವನು. ಅಲ್ಲಿ ಕೆಲಕಾಲ ಇದ್ದ ಪರದೇಶದ ಇಂಜಿನಿಯರೊಬ್ಬ ವಾಪಸು ಹೋಗುವಾಗ ಮನೆಯ ಸಾಮಾನನ್ನೆಲ್ಲ ಹಂಚಿ ಹೋದನಂತೆ. ಚಿಕ್ಕಬೋರಯ್ಯನ ಪಾಲಿಗೆ ಬಂದದ್ದು ಈ ಬಿಳಿ ಪೆಟ್ಟಿಗೆ.

"ಪಾತ್ರೆ ಬೆಳಗೋ ಮಿಸನ್ನಂತೆ ಗೌಡ್ರೆ" ಎಂದ ಅವನು, ಲಾರಿಯಿಂದ ಇಳಿಸಿ ಬೆವರು ಒರೆಸಿಕೊಳ್ಳುತ್ತಾ. "ಬಾಗ್ಲು ಬಿಗಿಯಾಗಿ ಕೂತ್ಕತದೆ ಅಂತ ನಾನು ರಾಗಿ ತುಂಬಿಕ್ಕಿದ್ದೆ. ಒಂದು ಇಲೀನೂ ಒಳಿಕ್ಕೆ ಓಗ್ನಿಲ್ಲ. ಈಗ ನಮ್ಮೆಡ್ತಿ, ಮನೇಲಿ ಜಾಗಿಲ್ಲ, ಎತ್ತಾಕು ಅಂತವ್ಳೆ. ಗುಜ್ರಿಗೆ ಆಕಕ್ಕೆ ಮನಸ್ಸು ಬರ್ನಿಲ್ಲ. ಕರೆಂಟಿನ ಸಾಮಾನು, ಕರೆಂಟು ಬಲ್ಲೋರ ಮನೇಲೇ ಇರ್ಲಿ."

"ಸ್ಟಾರ್ಟ್ ಆಯ್ತದೇನ್ಲಾ?" ಎಂದರು ಮಾವ.

"ಅದ್ಯಾಕೆ ಆಗಕಿಲ್ಲ? ನಾವು ಮಾಡಿ ನೋಡಿಲ್ಲ, ಅಷ್ಟೆಯ."

ಮಾವ ಅದರ ವಿಚಿತ್ರ ಪ್ಲಗ್ಗನ್ನು ಕತ್ತರಿಸಿ ನಮ್ಮೂರಿನ ಪ್ಲಗ್ಗು ಹಾಕಿದರು. ನಲ್ಲಿಯಿಂದ ರಬ್ಬರಿನ ಪೈಪು ಎಳೆದರು. ನಾನು ಅದರ ಒಳಗನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ತಟ್ಟೆ ಲೋಟಗಳನ್ನು ಜೋಡಿಸಿ, ಇನ್ನು ಮುಂದೆ ಬೆಳಗಿನ ಹೊತ್ತು ಏನು ಮಾಡಲಿ ಎಂದು ಆಗಲೇ ಯೋಚಿಸತೊಡಗಿದ್ದೆ. ಮಾವ ಗುಂಡಿ ತಿರುಗಿಸಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಪೆಟ್ಟಿಗೆ ಸುಮ್ಮನೆ ಕೂತಿತ್ತು. ಫ್ಯೂಸ್ ನೋಡಿದರು, ಸರಿಯಾಗಿತ್ತು. ವೈರು ನೋಡಿದರು, ಸರಿಯಾಗಿತ್ತು. "ವೋಲ್ಟೇಜ್ ಇಲ್ಲ ಕಣವ್ವ, ಇಳೀಲಿ ಓತ್ತು" ಎಂದು ಸಂಜೆಯವರೆಗೆ ಕಾದರು. ಸಂಜೆ ಕರೆಂಟೇ ಹೋಯಿತು.

ಮಾರನೆಯ ದಿನ ಸ್ಕೂಲಿನಿಂದ ಬಂದ ಯಜಮಾನರು ನೋಡಿದ್ದು, ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಅಪ್ಪನನ್ನು ಮತ್ತು ಹಿಂಬದಿಯ ತಗಡು ಬಿಚ್ಚಿಸಿಕೊಂಡು ಕರುಳು ತೋರಿಸುತ್ತಿದ್ದ ಯಂತ್ರವನ್ನು. ನೀರು ಬೇಕಾದರೂ ಹಜಾರದಿಂದಲೇ ಕೇಳುವ ಅವರು ಹೊಸಿಲು ದಾಟಿ ಒಳಗೆ ಬಂದರು. ಯಂತ್ರದ ಬಾಗಿಲ ಒಳಮೈಯಲ್ಲಿ ಏನೇನೋ ಚಿತ್ರಗಳಿದ್ದವು, ಕೆಳಗೆ ಗೊತ್ತಿಲ್ಲದ ಭಾಷೆಯ ಬರಹ. ಯಜಮಾನರು ಅದರ ಮುಂದೆ ಬಗ್ಗಿ, ಹಾಳು ಗುಡಿಯ ಶಾಸನ ಓದುವವರ ಹಾಗೆ ಬೆರಳಾಡಿಸಿದರು.

"ಅಪ್ಪಂಗೆ ಹೇಳು, ತಿರುಗಿಸೋಕೆ ಮುಂಚೆ ಗುಂಡಿ ಒತ್ತಬೇಕು ಅನ್ನೋ ಹಾಗಿದೆ."

"ಅವ್ನಿಗೆ ಯೋಳವ್ವ, ಒತ್ತಿದ್ದೂ ಆಯ್ತು, ಎಳ್ದಿದ್ದೂ ಆಯ್ತು."

ನಾನು ಇಬ್ಬರ ನಡುವೆ, ವೈರಿಗೆ ಕಟ್ಟಿದ ಬಲ್ಬು ಹಿಡಿದು ನಿಂತಿದ್ದೆ. ಕರೆಂಟು ಎಲ್ಲಿಯವರೆಗೆ ಬರುತ್ತದೆ ಎಂದು ನೋಡಲು ಮಾವ ಮಾಡಿಕೊಂಡಿದ್ದ ಉಪಾಯ ಅದು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ನಾನು ಬಲ್ಬನ್ನು ಯಂತ್ರದ ಮೇಲಿಟ್ಟು ಓಡಿದೆ. ಹಿಂದಿನಿಂದ ಮಾವನ ಗಂಟಲು ಕೇಳಿಸಿತು:

"ಬಲ್ಬ್ ಇಡ್ಕಳ್ಲಾ!"

ಬಲ್ಬು ಎತ್ತಿಕೊಂಡ ಸದ್ದಾಯಿತು. ಆಮೇಲೆ ಯಜಮಾನರ ದನಿ: "ಎಲ್ಲಿ ಹಿಡೀಲಿ?"

ಹಾಲು ಪೂರ್ತಿ ಉಕ್ಕಿ ಒಲೆ ಆರಿತು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಇಬ್ಬರಿಗೂ ನಾನಿದ್ದೇನೆಂದು ನೆನಪಾಗಿಬಿಡುತ್ತದೆ ಎಂದು ಹೆದರಿ, ಸೀದ ಹಾಲಿನ ವಾಸನೆಯಲ್ಲಿ ಗೋಡೆ ನೋಡುತ್ತಾ ನಿಂತೆ.

ಅಲ್ಲಿಂದ ನಮ್ಮ ಮನೆಯಲ್ಲಿ ನಡೆದದ್ದನ್ನು ಹಬ್ಬ ಎನ್ನಬೇಕು. ಯಜಮಾನರು ಸ್ಕೂಲು ಬಿಟ್ಟ ಕೂಡಲೇ ಮನೆಗೆ ಬರುವರು. ಮಾವ ಮಧ್ಯಾಹ್ನದ ನಿದ್ದೆ ಬಿಟ್ಟು ಕಾಯುವರು. ಮೊದಲು ಸ್ಪ್ಯಾನರಿನ ಮಾತು, ಆಮೇಲೆ ವೈರಿನ ಮಾತು, ಬರುಬರುತ್ತಾ ಊರಿನ ಮಾತು, ಅತ್ತೆಯ ಮಾತು. ಮೇಷ್ಟರಾದ ಮೇಲೆ ಪುಸ್ತಕದ ಕನ್ನಡ ಆಡುತ್ತಿದ್ದ ಯಜಮಾನರ ಬಾಯಲ್ಲಿ ಹಳೆಯ ಮಾತು ವಾಪಸು ಬಂತು. "ಅದಲ್ಲ ಕಣಪ್ಪ, ಕರೆಂಟೇ ಬತ್ತಾ ಇಲ್ವೋ, ಬಂದಿದ್ದನ್ನ ಇದು ಈಸ್ಕತಾ ಇಲ್ವೋ, ಮೊದ್ಲು ಅದು ಗೊತ್ತಾಗ್ಲಿ" ಎಂದರು ಒಂದು ದಿನ. ಮಾವ ಕನ್ನಡಕದ ಮೇಲಿಂದ ನೋಡಿದರು. "ಡಿಪ್ಲೊಮಾ ಬುಟ್ಟೋನು ಕೇಳೋ ಮಾತಲ್ಲ ಇದು" ಎಂದರು. ಆಮೇಲೆ ಯಂತ್ರದ ಒಳಗೆ ಕೈ ಇಟ್ಟುಕೊಂಡೇ, "ಯಾಕ್ಲಾ ಬುಟ್ಟೆ?" ಎಂದರು.

ನಾನು ಬದನೆಕಾಯಿ ಹೆಚ್ಚುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದೆ.

"ನೀನು ಆ ಸದ್ದಲ್ಲಿ ಕಿವಿ ಕಳ್ಕೊಂಡೆ. ನಾನು ಏನು ಹೇಳಿದ್ರೂ ನಿಂಗೆ ಕೇಳಿಸ್ತಿರಲಿಲ್ಲ" ಎಂದರು ಯಜಮಾನರು, ಬಹಳ ಮೆಲ್ಲಗೆ. "ನನಗೂ ಒಂದಿನ ಮಕ್ಕಳಾದರೆ, ಹಾಗಾಗೋದು ಬೇಡ ಅನ್ನಿಸ್ತು."

ಮಾವ ತಲೆ ಎತ್ತಿ, "ಆಂ?" ಎಂದರು.

"ಏನಿಲ್ಲ. ಆ ಸ್ಕ್ರೂ ಕೊಡು ಅಂದೆ."

ಮಾವ ಸ್ಕ್ರೂ ಕೊಟ್ಟರು. ಆ ಮಾತನ್ನು ಸೋಸದೆ, ಒಂದಕ್ಷರ ಬದಲಿಸದೆ ನಾನೇ ಮುಟ್ಟಿಸಿಬಿಡಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಇಬ್ಬರೂ ನೇರ ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಬದನೆಕಾಯಿ ಹೆಚ್ಚಿದೆ.

ದುರದೃಷ್ಟ ನೋಡಿ, ಆ ವಾರವೇ ಯಂತ್ರದ ರೋಗ ಸಿಕ್ಕಿಬಿಟ್ಟಿತು. ಬಾಗಿಲು ಮುಚ್ಚಿದಾಗ ಅದರ ಚಿಲಕದ ನಾಲಗೆ ಒಂದು ತೂತಿನೊಳಗೆ ಹೋಗಿ ಸಣ್ಣ ಗುಂಡಿಯೊಂದನ್ನು ಒತ್ತಬೇಕು. ಒತ್ತಿದರೆ ಮಾತ್ರ ಕರೆಂಟು ಮುಂದಕ್ಕೆ. ಆ ತೂತಿನ ತುಂಬ ಚಿಕ್ಕಬೋರಯ್ಯನ ರಾಗಿ ಕೂತಿತ್ತು. ಯಜಮಾನರು ಕಡ್ಡಿಯಲ್ಲಿ ಕೆದಕಿದರು, ಮಾವ ಗುಂಡಿ ತಿರುಗಿಸಿದರು. ಯಂತ್ರ ಗುರ್ರೆಂದಿತು. ಮೂವರೂ ಕೈ ತಟ್ಟಿದೆವು. ಸದ್ದು ನಿಂತ ಮೇಲೆ ನೋಡಿದರೆ ತಟ್ಟೆ ಲೋಟಗಳು ಫಳಫಳ. ಮುದ್ದೆಯ ಪಾತ್ರೆ ಮಾತ್ರ ಹಾಕಿದ ಹಾಗೇ ಹೊರಗೆ ಬಂತು, ಪರದೇಶದವರಿಗೆ ಅದರ ಅಂದಾಜಿರಲಿಲ್ಲ.

ಯಂತ್ರ ಸರಿಹೋದ ಮೇಲೆ ಅಡುಗೆಮನೆಯಲ್ಲಿ ಗಂಡಸರಿಗೆ ಏನು ಕೆಲಸ? ಮಾವ ಜಗಲಿಗೆ ಹೋದರು. ಯಜಮಾನರು ಪರೀಕ್ಷೆಯ ಪೇಪರು ತಿದ್ದಲು ಕೂತರು. ಎರಡು ದಿನ ಒಂದೊಂದು ಮಾತು ಉಳಿದಿತ್ತು, ಆಮೇಲೆ ಅದೂ ಬತ್ತಿತು. ಒಂದು ಬೆಳಿಗ್ಗೆ ಜಗಲಿಯಿಂದ, "ಅವ್ನಿಗೆ ಯೋಳವ್ವ" ಎಂಬ ದನಿ ಬಂದಾಗ ನನ್ನ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿ ಯಂತ್ರ ಯಾವ ತೊಂದರೆಯೂ ಇಲ್ಲದೆ ಗುರ್ರೆನ್ನುತ್ತಿತ್ತು. ಅದರ ಮೇಲೆ ನನಗೆ ಬಂದಷ್ಟು ಸಿಟ್ಟು ಯಾವ ಮನುಷ್ಯನ ಮೇಲೂ ಬಂದಿರಲಿಲ್ಲ.

ಅದಕ್ಕೇ ನಾನು ಹಾಗೆ ಮಾಡಿದೆ. ಇಬ್ಬರೂ ಮನೆಯಲ್ಲಿಲ್ಲದಾಗ ಡಬ್ಬದಿಂದ ರಾಗಿ ತೆಗೆದು ಆ ತೂತಿಗೆ ತುಂಬಿದೆ. ನಾಲ್ಕು ಕಾಳು ಸಾಕಿತ್ತು. ಆದರೆ ನಾಲ್ಕು ಕಾಳಿಗೆ ಇಷ್ಟಾದರೆ ಒಂದು ಹಿಡಿಗೆ ಎಷ್ಟು ದಿನದ ಮಾತು ಸಿಕ್ಕೀತು ಎಂಬ ಆಸೆ. ತೂತಿಗೆ ಹಿಡಿಸದೆ ಮಿಕ್ಕಿದ್ದೆಲ್ಲ ಯಂತ್ರದ ಹೊಟ್ಟೆಗೆ ಜಾರಿತು. ಸಂಜೆ, "ಅಯ್ಯೋ, ಇದು ಮತ್ತೆ ನಿಂತೇ ಹೋಯ್ತಲ್ಲ" ಎಂದು ಕೂಗಿದೆ. ಇಬ್ಬರೂ ಬಂದರು, ನನಗಿಂತ ಸಂತೋಷವಾಗಿ ಬಂದರು ಎಂದೇ ಈಗಲೂ ನನ್ನ ನಂಬಿಕೆ. ಈ ಸಲ ಜಾಗ ಗೊತ್ತಿತ್ತು. ಕೆದಕಿದರು, ಗುಂಡಿ ತಿರುಗಿಸಿದರು. ಯಂತ್ರ ಗುರ್ರೆಂದಿತು, ಬಿಸಿನೀರು ಹಿಡಿಯಿತು, ಸ್ವಲ್ಪ ಹೊತ್ತಿಗೆ ಸದ್ದು ದಪ್ಪವಾಯಿತು, ಆಮೇಲೆ ಹಿಂದಿನಿಂದ ಹೊಗೆ. ಬಾಗಿಲು ತೆಗೆದರೆ ತಳದಲ್ಲಿ ನಾನು ಹಾಕಿದ ರಾಗಿ ಬೆಂದು ಅಂಬಲಿಯಾಗಿ ಕೂತಿತ್ತು. ಮೋಟರು ಸುಟ್ಟುಹೋಗಿತ್ತು.

ಮಾವ ಚಿಲಕದಿಂದ ಉದುರಿದ ಕಾಳನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಂದರು. "ಬೋರಯ್ಯಂದು ಹಳೇ ರಾಗಿ, ಕರ್ರಗಿತ್ತು. ಇದು ನಮ್ಮನೆ ರಾಗಿ ಕಣ್ಲಾ."

ಇಬ್ಬರೂ ನನ್ನ ಕಡೆ ತಿರುಗಿದರು.

"ಇಲಿ ಇರಬೇಕು" ಎಂದೆ.

"ಇಲಿಗೆ ಚಿಲ್ಕ ತೆಗ್ಯಕ್ಕೆ ಬತ್ತದಾ?"

ನಿಜ ಹೇಳಿದ್ದರೆ ಇಬ್ಬರಿಗೂ ನಾಚಿಕೆಯಾಗಿ, ಆಡಿದ ಮಾತೂ ನಿಂತುಹೋಗುತ್ತಿತ್ತು. "ಬೂದಿ ಹಾಕಿ ತಿಕ್ಕಲ್ವಾ ಮಾವ, ಹಾಗೆ ರಾಗಿ ಹಾಕಿದರೆ ಆ ಮುದ್ದೆ ಪಾತ್ರೇನೂ ಉಜ್ಜುತ್ತೇನೋ ಅಂತ..." ಎಂದೆ.

ಮಾವ ಮಗನನ್ನು ನೋಡಿದರು. ಮಗ ಅಪ್ಪನನ್ನು ನೋಡಿದರು. ಆಮೇಲೆ ನಕ್ಕರು ನೋಡಿ, ನೆಲದ ಮೇಲೆ ಕೂತು ನಕ್ಕರು. "ಎಸ್ಸೆಲ್ಸಿ ಪಾಸಾದೋಳು ಕಣ್ಲಾ ಇವ್ಳು!" "ಅದಕ್ಕೇ ಕಣಪ್ಪ, ಮಿಷನ್ನಿಗೆ ಅಂಬಲಿ ಕುಡಿಸವ್ಳೆ!" ಜಗಲಿಗೆ ಬಂದವರಿಗೆಲ್ಲ ಅಪ್ಪ ಕಥೆ ಶುರು ಮಾಡುವರು, ಮಗ ಮುಗಿಸುವರು. ನನ್ನ ಪೆದ್ದುತನದ ಸುತ್ತ ಅವರಿಬ್ಬರೂ ಎಂಥ ಚೆನ್ನಾದ ಜೋಡಿಯಾದರೆಂದರೆ, ಆಮೇಲೆ ಆ ವಿಷಯ ಹಳತಾದರೂ ಮಾತು ನಿಲ್ಲಲಿಲ್ಲ. ಯಂತ್ರ ಹಿತ್ತಿಲು ಸೇರಿತು. ನಾನು ಮತ್ತೆ ಕಲ್ಲಿನ ಮುಂದೆ ಕೂತೆ.

ಬೇಕಾದದ್ದೇ ಆಯಿತಲ್ಲ, ಇನ್ನೇನು ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕ್ರಮೇಣ ಮನೆಯ ಯಾವ ಸುದ್ದಿಯೂ ನನಗೆ ಗೊತ್ತಾಗದೆ ಹೋಯಿತು. ಗದ್ದೆ ಯಾರಿಗೆ ಕೊಟ್ಟರು, ನಾದಿನಿಯ ಮನೆಗೆ ಯಾವಾಗ ಹೋಗುವುದು, ಎಲ್ಲ ಎದುರು ಮನೆಯವರ ಬಾಯಲ್ಲಿ ಕೇಳಬೇಕಾಯಿತು. ಸೋಸುವವರು ಇಲ್ಲದ್ದರಿಂದ ಆಗಾಗ ಜಗಳವೂ ಜೋರಾಗಿಯೇ ಆಗುತ್ತಿತ್ತು. ಆಗಲಾದರೂ ನನ್ನನ್ನು ಕರೆದಾರು ಎಂದು ಸೆರಗಿಗೆ ಕೈ ಒರೆಸಿಕೊಂಡು ಕಾಯುತ್ತಿದ್ದೆ. ಕರೆಯುತ್ತಿರಲಿಲ್ಲ.

ಒಂದು ಭಾನುವಾರ ಮೂವರಿಗೂ ಮುದ್ದೆ, ಅವರೆಕಾಳಿನ ಸಾರು ಮಾಡಿ ಹೊರಗೆ ಬಂದು ನೋಡಿದರೆ ಜಗಲಿ ಖಾಲಿ, ಹಜಾರ ಖಾಲಿ. ಇಬ್ಬರೂ ಮಳವಳ್ಳಿ ಬಸ್ಸು ಹತ್ತಿದರೆಂದು ಎದುರು ಮನೆಯಾಕೆ ಹೇಳಿದಳು. ಚಿಕ್ಕಬೋರಯ್ಯನ ಮನೆಯಲ್ಲಿ ಊಟ ಮಾಡಿ, ಪವರ್ ಹೌಸನ್ನೂ ನೋಡಿಕೊಂಡು ಹೊತ್ತು ಮುಳುಗುವಾಗ ಬಂದರು.

"ಹೇಳಿ ಹೋಗಬಾರದಾಗಿತ್ತೇ?" ಎಂದೆ.

"ಇವ್ನು ಯೋಳಿರ್ತಾನೆ ಅನ್ಕಂಡೆ ಕಣವ್ವ" ಎಂದರು ಮಾವ.

"ಅಪ್ಪ ಹೇಳಿರ್ತಾನೆ ಅನ್ಕೊಂಡೆ" ಎಂದರು ಯಜಮಾನರು.

ದಾರಿಯುದ್ದಕ್ಕೂ ಏನು ಮಾತಾಡಿದಿರಿ ಎಂದು ಯಜಮಾನರನ್ನು ಕೇಳಿದೆ. "ಏನಿಲ್ಲ, ಹೀಗೇ" ಎಂದರು. ಮಾವನನ್ನು ಕೇಳಿದೆ. "ಅದೆಲ್ಲ ನಿಂಗ್ಯಾಕವ್ವ, ಬುಡು" ಎಂದರು, ಮಗನ ಕಡೆ ನೋಡಿ. ಆ ಸ್ಕ್ರೂ ಕೊಟ್ಟ ದಿನ ಮಾವನಿಗೆ ಕೇಳಿಸದೆ ಹೋದ ಮಾತು ಬಸ್ಸಿನಲ್ಲಾದರೂ ಮುಟ್ಟಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸಂಜೆ ಮುಸುರೆಗೆ ಬಿದ್ದ ತಟ್ಟೆ ಒಂದೇ, ಮಧ್ಯಾಹ್ನ ನಾನೊಬ್ಬಳೇ ಉಂಡದ್ದು. ಹಜಾರದಲ್ಲಿ ಇಬ್ಬರೂ ಇನ್ನೂ ಏನೋ ಮಾತಾಡುತ್ತಿದ್ದರು. ಕೇಳಿಸಲೆಂದು ನಲ್ಲಿ ನಿಲ್ಲಿಸಿ, ನಿಲ್ಲಿಸಿ, ಆ ಒಂದು ತಟ್ಟೆಯನ್ನು ಬಹಳ ಹೊತ್ತು ತೊಳೆದೆ. ಒಂದು ಮಾತೂ ತಿಳಿಯಲಿಲ್ಲ.