‘ಆದರೆ’ಗೆ ಮುಂಚೆ ಬಾರಿಸಿದ ಗಂಟೆಯವರಿಗೆ

ಮೊದಲ ಮಹಡಿಯ ಕಾರಿಡಾರಿನಲ್ಲಿ, ನೋಟಿಸ್ ಬೋರ್ಡಿನ ನೆತ್ತಿಯ ಮೇಲೆ, ಎರಡು ತುಕ್ಕು ಹಿಡಿದ ತಿರುಪುಗಳನ್ನೇ ಸಿಂಹಾಸನ ಮಾಡಿಕೊಂಡು ವಿರಾಜಮಾನರಾಗಿರುವ ಮಾನ್ಯ ವಿದ್ಯುತ್ ಗಂಟೆಯವರ ಸನ್ನಿಧಾನಕ್ಕೆ, ಹನ್ನೊಂದನೇ ತರಗತಿಯ ಧರ್ಮ ಮತ್ತು ತತ್ವಶಾಸ್ತ್ರದ ವಿದ್ಯಾರ್ಥಿ ಡೆಕ್ಲನ್ ಒಗ್ಡನ್ ತಲೆಯೆತ್ತಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದು ದಿನಕ್ಕೆ ಹಲವು ಸಲ ಅರ್ಧ ಹ್ಯಾಲಿಫ್ಯಾಕ್ಸ್ ಊರಿಗೇ ಕೇಳಿಸುತ್ತಿರುವುದರಿಂದ ಅದನ್ನು ವಿಚಾರಿಸುವ ಅಗತ್ಯ ಕಾಣುವುದಿಲ್ಲ. ನಮ್ಮ ಕ್ಷೇಮ ಅಷ್ಟಕ್ಕಷ್ಟೇ, ಮತ್ತು ಅದಕ್ಕೆ ತಾವೇ ಕಾರಣ.

ದೂರಿಗೆ ಇಳಿಯುವ ಮೊದಲು ತಮ್ಮನ್ನು ಹೊಗಳಲೇಬೇಕಾಗಿದೆ. ಇದು ಮುಖಸ್ತುತಿಯಲ್ಲ, ನಮ್ಮ ಪಾಠ. ದೇವರಿದ್ದಾನೆಯೇ, ಒಳ್ಳೆಯದಕ್ಕಾಗಿ ಸುಳ್ಳು ಹೇಳಬಹುದೇ, ಪ್ರಾಣಿಗಳಿಗೆ ಆತ್ಮವಿದೆಯೇ, ಪ್ರಶ್ನೆ ಯಾವುದೇ ಇರಲಿ, ಮೊದಲು ಎದುರಾಳಿಯ ವಾದವನ್ನು ಹೇಳಬೇಕು, ಅದೂ ಎದುರಾಳಿಯೇ ‘ಹೌದಲ್ವಾ, ಇಷ್ಟು ಚೆನ್ನಾಗಿ ನನಗೇ ಹೇಳೋಕೆ ಬರ್ತಿರಲಿಲ್ಲ’ ಎಂದು ತಲೆದೂಗುವಷ್ಟು ಚೆನ್ನಾಗಿ ಹೇಳಬೇಕು, ‘ಆದರೆ’ ಎಂದು ನಮ್ಮ ಮಾತು ಶುರುಮಾಡುವುದೇನಿದ್ದರೂ ಆಮೇಲೆ ಎಂದು ನಮ್ಮ ಮಿಸ್ ಥ್ವೇಟ್ ಮೊದಲ ದಿನದಿಂದಲೂ ಕಲಿಸಿದ್ದಾರೆ. ಪರೀಕ್ಷೆಯಲ್ಲಿ ಅಂಕ ಬರುವುದೂ ಹಾಗೆಯೇ. ಈ ಅಭ್ಯಾಸ ಎಷ್ಟು ಮೈಗೂಡಿದೆಯೆಂದರೆ, ಇನ್ನೊಂದು ಸಾಸೇಜ್ ಬೇಕೇನೋ ಎಂದು ಅಮ್ಮ ಕೇಳಿದರೆ ನಾನು ಬೇಡವೆನ್ನುವವರ ಪಕ್ಷದಿಂದ ಆರಂಭಿಸುತ್ತೇನೆ, ‘ಆದರೆ’ ತಲುಪುವಷ್ಟರಲ್ಲಿ ಅದು ತಂಗಿಯ ಹೊಟ್ಟೆಯಲ್ಲಿರುತ್ತದೆ.

ಆದ್ದರಿಂದ ಮೊದಲು ತಮ್ಮ ಪಕ್ಷ. ತಮಗೆ ಜಾತಿಯಿಲ್ಲ, ಮತವಿಲ್ಲ. ನಮ್ಮ ತರಗತಿಯಲ್ಲಿ ಮಸೀದಿಗೆ ಹೋಗುವ ಜುಬೇರ್, ಚರ್ಚಿಗೆ ಹೋಗುವ ಕೆಜಾಯಾ, ಭಾನುವಾರ ಹಾಸಿಗೆಯಿಂದಲೇ ಏಳದ ನಾನು, ಮೂವರ ಕಿವಿಯನ್ನೂ ತಾವು ಸಮಾನವಾಗಿ ಕಿತ್ತುಹಾಕುತ್ತೀರಿ. ಗಣಿತದ ತರಗತಿಯಿಂದ ನಮ್ಮನ್ನು ಪಾರುಮಾಡಿದ ತಮ್ಮ ಉಪಕಾರವನ್ನು ಏಳೇಳು ಜನ್ಮಕ್ಕೂ ಮರೆಯುವುದಿಲ್ಲ. ಅಷ್ಟು ಜನ್ಮಗಳಿವೆಯೇ ಎಂಬುದು ಇನ್ನೂ ಪಾಠವಾಗಬೇಕಿತ್ತು.

ಆದರೆ.

ಹೋದ ಗುರುವಾರ, ಊಟಕ್ಕೆ ಇನ್ನು ಹತ್ತೇ ನಿಮಿಷವಿದ್ದಾಗ ಉಪಮುಖ್ಯೋಪಾಧ್ಯಾಯರಾದ ಮಿಸ್ಟರ್ ಪಿಕರಿಂಗ್ ನಮ್ಮ ಕೋಣೆಗೆ ದಯಮಾಡಿಸಿದರು. ಸೆಪ್ಟೆಂಬರಿನಿಂದ ಹನ್ನೆರಡನೇ ತರಗತಿಗೆ ಈ ವಿಷಯವನ್ನು ಕೈಬಿಟ್ಟು, ಮಿಸ್ ಥ್ವೇಟ್ ಅವರಿಗೆ ವಿದಾಯ ಹೇಳಿ, ಕೋಣೆಯಲ್ಲಿ ವ್ಯಾಯಾಮಶಾಲೆಯ ಚಾಪೆಗಳನ್ನು ಪೇರಿಸುವ ಘನ ಉದ್ದೇಶ ಅವರಿಗಿತ್ತು. ಆದರೂ ನ್ಯಾಯವಂತರು, ನಮ್ಮನ್ನೇ ಕೇಳಿದರು. “ಈ ಕ್ಲಾಸು ಮುಂದಿನ ವರ್ಷ ಬೇಕಾ ಬೇಡ್ವಾ, ಒಬ್ಬೊಬ್ರೇ ಮನಸ್ಸು ಬಿಚ್ಚಿ ಹೇಳಿ ನೋಡೋಣ.”

ನಮ್ಮ ಕೋಣೆಯ ಪದ್ಧತಿಯಂತೆ ಮೊದಲ ಸುತ್ತು ಎದುರಾಳಿಯದು, ಎರಡನೆಯ ಸುತ್ತು ನಮ್ಮದು. ಜುಬೇರ್ ಎದ್ದು, ಚಿಕ್ಕಪ್ಪನ ಟೈರ್ ಅಂಗಡಿಗೆ ಬಂದ ಯಾವ ಗಿರಾಕಿಯೂ ಇದುವರೆಗೆ ಆತ್ಮದ ಬಗ್ಗೆ ವಿಚಾರಿಸಿಲ್ಲವೆಂದು ಒಪ್ಪಿಕೊಂಡ. ನಾನು ಚಾಪೆಗಳ ಪರವಾಗಿ ಎಂಥ ಭಾಷಣ ಮಾಡಿದೆನೆಂದರೆ ಪಿಕರಿಂಗ್ ಸರ್ ಕಣ್ಣಲ್ಲಿ ನೀರಾಡಿತು. ಕೆಜಾಯಾಳ ಅಜ್ಜಿ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅವಳು ಮೆಲ್ಲಗೆ, “ನಮ್ಮಜ್ಜಿ ಹೋದಾಗ ಈ ಪಾಠಪುಸ್ತಕ ತೆಗೆದು ನೋಡ್ದೆ ಸರ್, ಅದರಲ್ಲಿ ನಂಗೇನೂ ಸಿಗಲಿಲ್ಲ” ಎಂದಳು. ಸುತ್ತು ಮುಗಿಸಲು ಮಿಸ್ ಕೂಡ, “ನಿಮ್ಮ ಕಷ್ಟ ನಿಜ ಸರ್. ಇಷ್ಟು ಕಮ್ಮಿ ಮಕ್ಕಳಿಗೆ ಒಬ್ಬ ಟೀಚರು, ಒಂದು ಕೋಣೆ ಅಂದ್ರೆ ಜಾಸ್ತೀನೇ” ಎಂದು, ‘ಆದರೆ’ಗೆಂದು ಬಾಯಿ ತೆರೆದರು.

ಆಗ, ಮಾನ್ಯರೇ, ತಾವು ಬಾರಿಸಿದಿರಿ.

“ಸದ್ಯ, ಎಲ್ಲರೂ ಒಪ್ಪಿದ್ರಿ. ಗಲಾಟೆ ಆಗುತ್ತೇನೋ ಅಂದ್ಕೊಂಡಿದ್ದೆ” ಎಂದು ಪಿಕರಿಂಗ್ ಸರ್ ಹೊರಟೇಬಿಟ್ಟರು. ಕ್ಯಾಂಟೀನಿನಲ್ಲಿ ಗುರುವಾರದ ಮಾಂಸದ ಪೈ ಬೇಗ ಖಾಲಿಯಾಗುತ್ತದೆ. ಕೆಜಾಯಾ ತನ್ನ ಎರಡನೆಯ ಸುತ್ತನ್ನು ಮುಚ್ಚಿದ ಬಾಗಿಲಿಗೆ ಹೇಳಿದಳು. “ಆದರೆ ಅಜ್ಜಿ ಎಲ್ಲಿ ಹೋದ್ಲು ಅಂತ ಕೇಳಿದಾಗ, ಅದೆಲ್ಲ ಈಗ್ಯಾಕೆ ಬಿಡು ಅನ್ನದೇ ಇದ್ದಿದ್ದು ಈ ಕೋಣೆ ಒಂದೇ.” ಬಾಗಿಲು ತಲೆದೂಗಲಿಲ್ಲ.

ಪೈ ಮುಗಿಯುವವರೆಗೂ ಪಿಕರಿಂಗ್ ಸರ್ ಅವರನ್ನು ನಾವು ಕ್ಯಾಂಟೀನಿನಲ್ಲಿ ಸುತ್ತುವರಿದು ಪೀಡಿಸಿದ ಮೇಲೆ, ನಾಳೆ ಗುರುವಾರ ಅದೇ ಹತ್ತು ನಿಮಿಷ ಇನ್ನೊಮ್ಮೆ ಕೇಳಲು ಅವರು ಒಪ್ಪಿದ್ದಾರೆ. ಮೊದಲ ಸುತ್ತನ್ನು ಹಾರಿಸಿಬಿಡೋಣ ಎಂದು ನಾನು ಸೂಚಿಸಿದೆ. ಮಿಸ್ ನನ್ನತ್ತ ತಿರುಗಿ, “ಗೆಲ್ಲೋಕೋಸ್ಕರ ಅರ್ಧ ಮಾತ್ರ ಹೇಳೋದಾದ್ರೆ, ಇಷ್ಟು ವರ್ಷ ನಾನು ಕಲಿಸಿದ್ದೇನು ಡೆಕ್ಲನ್?” ಎಂದರು. ಹಾಗಾಗಿ ಅವರು ಬದಲಾಗುವುದಿಲ್ಲ, ಪಿಕರಿಂಗ್ ಸರ್ ಹಸಿವೂ ಬದಲಾಗುವುದಿಲ್ಲ. ಉಳಿದಿರುವವರು ತಾವೊಬ್ಬರೇ.

ಆದಕಾರಣ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ನಾಳೆ ತಮಗೆ ನೆಗಡಿಯಾಗಿ ಗಂಟಲು ಕಟ್ಟಲಿ, ಅದಾಗದಿದ್ದರೆ ಗಂಟೆಯೆಂಬುದು ನಿಜಕ್ಕೂ ಇದೆಯೇ ಎಂಬ ಸಂಶಯ ತಮ್ಮನ್ನೇ ಕಾಡಿ ತಾವು ಊಟದ ಹೊತ್ತಿನಲ್ಲಿ ಮೌನವ್ರತ ಹಿಡಿಯುವಂತಾಗಲಿ, ಅದೂ ಆಗದಿದ್ದರೆ ಬಾರಿಸುವ ಮುನ್ನ ಮಧ್ಯಾಹ್ನವಾಯಿತೆಂಬುದರ ವಿರುದ್ಧದ ವಾದವನ್ನು ತಾವೂ ಒಮ್ಮೆ ಸಾವಕಾಶವಾಗಿ ಮಂಡಿಸುವಂತಾಗಲಿ.

ಇಂತು, ತಮ್ಮ ಸದ್ದಿಗೆ ಬೆಚ್ಚಿದರೂ ಬಾಗದ,
ತಮ್ಮ ವಿಶ್ವಾಸಿ,
ಡೆಕ್ಲನ್ ಒಗ್ಡನ್

ಮರೆತ ಮಾತು: ನಾಳೆ ತಮ್ಮ ಬಟ್ಟಲಿಗೂ ಸುತ್ತಿಗೆಗೂ ನಡುವೆ ಒಂದು ಫುಟ್‌ಬಾಲ್ ಕಾಲುಚೀಲ ಕಂಡುಬಂದರೆ ಗಾಬರಿಯಾಗಬೇಡಿ. ಬೆಂಕಿ ಬಿದ್ದಾಗ ಎಚ್ಚರಿಸುವ ಗಂಟೆಯವರು ಬೇರೆ, ಅವರನ್ನು ನಾನು ಮುಟ್ಟುವುದಿಲ್ಲ. ಹೀಗೆ ಮಾಡುವುದು ತಪ್ಪು ಎನ್ನುವವರ ವಾದ ಬಹಳ ಬಲವಾಗಿದೆ. ತಾವು ಶಾಲೆಯ ಆಸ್ತಿ, ಮಿಕ್ಕ ತರಗತಿಗಳಿಗೂ ಹಸಿವಿದೆ, ಕಾಲುಚೀಲ ಒಗೆದದ್ದಲ್ಲ. ಇದೆಲ್ಲವನ್ನೂ ನಾನು ಮನಸಾರೆ ಒಪ್ಪುತ್ತೇನೆ. ಆದರೆ