ಎಣ್ಣೆ ಹಚ್ಚಿದ ಅಣು

ಭಾಲ್ಕಿಯಲ್ಲಿರುವ ನಮ್ಮ ಕಾಕಾ ಕಣ್ಣಿಗೆ ಕಾಣದ ವಸ್ತುಗಳ ನೆರಳು ಸರಿಪಡಿಸುತ್ತಾರೆ. ಇದು ಆರೋಪವಲ್ಲ, ಖುದ್ದು ನೋಡಿ ಖಚಿತಪಡಿಸಿಕೊಂಡ ಸುದ್ದಿ. ಬೀದರಿನಲ್ಲಿ ಪತ್ರಿಕೆಯ ಕೆಲಸ ಮಾಡುವ ನಾನು, ಮನೆಯವರ ವಿಷಯದಲ್ಲಾದರೂ ಸುಳ್ಳು ಬರೆಯುವುದುಂಟೇ?

ಕಾಕಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಅಣುಗಳ ರಚನೆಯನ್ನು ಕಂಪ್ಯೂಟರಿಗೆ ಕೊಟ್ಟು ಚಿತ್ರ ಮಾಡಿಸುವುದು ಅವರ ಹುಚ್ಚು. ಚಿತ್ರದಲ್ಲಿ ಪ್ರತಿ ಪರಮಾಣುವೂ ಒಂದು ಗುಂಡು. ದೀಪ ಎಲ್ಲಿರಬೇಕು, ಗುಂಡು ಗಾಜಿನಂತೆ ಹೊಳೆಯಬೇಕೋ ಸೀಮೆಸುಣ್ಣದಂತೆ ಮಂಕಾಗಿರಬೇಕೋ ಎಂಬುದನ್ನು ಕಾಕಾ ಹೇಳುತ್ತಾರೆ. ಬೆಳಕಿನ ಒಂದೊಂದು ಕಿರಣ ಎಲ್ಲಿ ಬಡಿದು ಎತ್ತ ಪುಟಿಯಿತೆಂದು ಕಂಪ್ಯೂಟರ್ ಹುಡುಕುತ್ತದೆ. ರೇ ಟ್ರೇಸಿಂಗ್ ಎಂದರೆ ಇದೇ. ಅಷ್ಟು ಹೊತ್ತೂ ಅದರ ಫ್ಯಾನು ಗಿರಣಿಯಂತೆ ಸದ್ದು ಮಾಡುತ್ತದೆ. ಪಕ್ಕದ ಮನೆಯವರೊಬ್ಬರು ಜೋಳದ ಡಬ್ಬಿ ಹಿಡಿದು ಬೀಸಿಸಲು ಬಂದಿದ್ದರೆಂದು ಕಾಕಾನ ಹೆಂಡತಿ, ನಮ್ಮ ಕಾಕು, ಹೇಳುತ್ತಾರೆ. ಇದಕ್ಕೆ ಎರಡನೇ ಮೂಲದಿಂದ ದೃಢೀಕರಣ ಸಿಕ್ಕಿಲ್ಲ.

ಈ ಕಾಕುವಿಗೆ ಸಕ್ಕರೆ ಕಾಯಿಲೆ. ಗುಳಿಗೆ ಸಾಲುತ್ತಿಲ್ಲ, ಇನ್ಸುಲಿನ್ ಚುಚ್ಚಲೇಬೇಕು, ತಡ ಮಾಡಿದರೆ ಕಣ್ಣಿಗೆ ಕುತ್ತು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ದಿನವೂ ಚುಚ್ಚುವ ಹೊಣೆ ಕಾಕಾನದು. ಮೊದಲು ಮೋಸಂಬಿಗೆ ಚುಚ್ಚಿ ಕೈ ಪಳಗಿಸಿಕೊಳ್ಳಿ ಎಂದು ನರ್ಸ್ ತೋರಿಸಿಯೂ ಕೊಟ್ಟಿದ್ದರು. ಆದರೆ ಕಾಕು ಸುತಾರಾಂ ಒಪ್ಪಲಿಲ್ಲ. ಫ್ರಿಜ್ಜಿನಲ್ಲಿದ್ದ ಬಾಟಲಿಯನ್ನು ತಂದು ನನ್ನ ಮುಖಕ್ಕೆ ಹಿಡಿದರು.

“ಬರೇ ನೀರು ಕಂಡಂಗ ಕಾಣ್ತದ. ಏನದ ಅಂತ ನೋಡದೇ ಮೈಯಾಗ ಬಿಟ್ಕೋಬೇಕೇನು?”

ಕಾಕು ಬೀದರಿನ ಕಾಳುಕಡಿಯ ಪೇಟೆ ಗಾಂಧಿ ಗಂಜಿನ ದಲಾಲಿ ಅಂಗಡಿಯವರ ಮಗಳು. ಅಲ್ಲಿ ಚೀಲದಿಂದ ಒಂದು ಮುಷ್ಟಿ ತೆಗೆದು ಬಾಗಿಲ ಬೆಳಕಿಗೆ ಹಿಡಿದು ನೋಡದೆ ಯಾರೂ ಮಾಲು ಒಪ್ಪುವುದಿಲ್ಲ. ಕಾಕು ಸೀರೆಯನ್ನೂ ಹಾಗೇ ಕೊಳ್ಳುತ್ತಾರೆ, ಸೊಸೆಯನ್ನೂ ಹಾಗೇ ತಂದರು.

“ತೋರಸ್ತೇನಿ ತಡಿ,” ಎಂದು ಕಾಕಾ ಇನ್ಸುಲಿನ್ ಅಣುವಿನ ಚಿತ್ರ ಮಾಡಿಸಲು ಕಂಪ್ಯೂಟರಿನ ಮುಂದೆ ಕುಳಿತರು.

ಆ ವಾರ ಔರಾದಿನಲ್ಲಿ ಮದುವೆಯಿತ್ತು. ಪಂಕ್ತಿಯಲ್ಲಿ ಕಾಕಾ ಜಾಮೂನನ್ನು ಚಮಚದ ಮೇಲಿಟ್ಟುಕೊಂಡು ಟ್ಯೂಬ್‌ಲೈಟಿನ ಕೆಳಗೆ ಆ ಕಡೆ ಈ ಕಡೆ ತಿರುಗಿಸತೊಡಗಿದರು.

“ಜಾಮೂನಿನಾಗ ಏನರೇ ಬಿದ್ದದೇನ್ರಿ?” ಎಂದು ಬಡಿಸುವವರು ಗಾಬರಿಯಾದರು.

“ಬೆಳಕ ಬಿದ್ದದ್ರಿ. ಹ್ಯಾಂಗ ಹೊಳೀತದ ನೋಡ್ರಿ.”

ಅವರು ನೋಡುತ್ತಿದ್ದ ಅಷ್ಟು ಹೊತ್ತಿನಲ್ಲಿ ಪಕ್ಕದಲ್ಲಿದ್ದ ಕಾಕು ಎರಡು ಜಾಮೂನು ಮುಗಿಸಿದ್ದರು. ಅವನ್ನು ಮಾತ್ರ ಬೆಳಕಿಗೆ ಹಿಡಿದಿರಲಿಲ್ಲ.

ಮನೆಗೆ ಬಂದು ಕಾಕಾ ಎಲ್ಲ ಗುಂಡುಗಳಿಗೂ ಜಾಮೂನಿನ ಹೊಳಪು ಕೊಟ್ಟರು. ಕಾಗದದ ಮೇಲೆ ಮೂಡಿಬಂದ ಚಿತ್ರ ಮಿರಮಿರ ಮಿಂಚುತ್ತಿತ್ತು. ಕಾಕು ಬಾಗಿಲಿಗೆ ಒಯ್ದು ನೋಡಿ ವಾಪಸು ಕೊಟ್ಟರು.

“ಎಣ್ಣಿ ಹಚ್ಚಿದ್ದದ. ಬ್ಯಾಳಿ ಹಳೀದಾದ್ರ ಹಿಂಗೇ ಎಣ್ಣಿ ಹಚ್ಚಿ ಮಿಂಚಸ್ತಾರ. ನಮ್ಮಪ್ಪ ಇಂಥಾ ಮಾಲು ಮುಟ್ತಿರಲಿಲ್ಲ.”

ಮರುದಿನ ಕಾಕಾ ನನ್ನನ್ನು ಕರೆದುಕೊಂಡು ಗಾಂಧಿ ಗಂಜಿಗೆ ಬಂದರು. ಅಂಗಡಿಯೊಂದರ ಬಾಗಿಲಲ್ಲಿ ಅಂಗೈ ತುಂಬ ತೊಗರಿ ಹಿಡಿದು, ಬಿಸಿಲಿಗೊಮ್ಮೆ ಬೆನ್ನು, ಒಮ್ಮೆ ಭುಜ ಕೊಟ್ಟು ನಿಂತರು. ಅರ್ಧ ಗಂಟೆ. ಚೀಲ ಹೊತ್ತ ಹಮಾಲರೊಬ್ಬರಿಗೆ ದಾರಿ ಅಡ್ಡವಾಯಿತು.

“ತೊಗೊಳ್ಳಾವ್ರೋ, ಬರೇ ನೋಡಾವ್ರೋ?”

“ಕಾಳಿನ ನೆರಳ ನೋಡ್ಲಾಕತ್ತೇನ್ರಿ.”

“ನೆರಳ ಪುಕ್ಕಟ ಅದ. ಒಂದು ಚೀಲ ಕಟ್ಟಿ ಕೊಡ್ಲೇನು?”

ನಾನು ಒಬ್ಬ ವ್ಯಾಪಾರಿಯನ್ನು ಕೇಳಿದೆ. ಬೆಳಕು ಎದುರಿನಿಂದ ಬಿದ್ದರೆ ಕಾಳೆಲ್ಲ ಚಪ್ಪಟೆ ಕಾಣುತ್ತದಂತೆ. ಪಕ್ಕದಿಂದ ಬಿದ್ದರೆ ಹುಳು ಕೊರೆದ ತೂತೂ ಕಪ್ಪಗೆ ಎದ್ದು ತೋರುತ್ತದಂತೆ. ಕಾಕಾ ಇದನ್ನು ನನಗಿಂತ ನೀಟಾಗಿ ಟಿಪ್ಪಣಿ ಮಾಡಿಕೊಂಡರು.

ಹೊಳಪು ಹೋಯಿತು, ಗುಂಡುಗಳು ತೊಗರಿಯಂತೆ ಮಂಕಾದವು, ದೀಪ ಎಡಕ್ಕೆ ಸರಿಯಿತು. ಕಾಕು ಮತ್ತೆ ಬಾಗಿಲಿಗೆ ಹೋದರು.

“ನಡುವ ಕುಳಿ ಕತ್ತಲ ಆಗ್ಯದ. ಹುಳ ಅಲ್ಲೇ ಕುಂದರ್ತಾವ.”

ಕಾಕಾ ಬಯಲಿನ ಬೆಳಕಿನಂಥ ತೆಳು ಬೆಳಕನ್ನು ಸುತ್ತಲೂ ಸೇರಿಸಿದರು. ಹೀಗೆ ಇನ್ನೊಂದು ವಾರ ಕಳೆಯಿತು. ಫ್ರಿಜ್ಜಿನಲ್ಲಿ ಬಾಟಲಿ ಹಾಗೇ ಇತ್ತು, ಮೇಜಿನ ಮೇಲೆ ಮೋಸಂಬಿ ಒಣಗಿತ್ತು. ನನಗೆ ಸಿಟ್ಟು ಬಂತು.

“ಕಾಕಾ, ಚಿತ್ರ ಸಾಕು. ಇವತ್ತೇ ಶುರು ಮಾಡ್ರಿ.”

“ಬೆಳಕ ಇನ್ನೂ ಸರಿ ಬಂದಿಲ್ಲೋ,” ಎಂದರು, ನನ್ನ ಕಡೆ ನೋಡದೆ.

ಭಾನುವಾರ ಬೆಳಿಗ್ಗೆ ನಾನಿದ್ದಾಗಲೇ ಹೊಸ ಚಿತ್ರ ಬಂತು. ಕಾಕು ಬಾಗಿಲಲ್ಲಿ ಬಹಳ ಹೊತ್ತು ನೋಡಿದರು. ಗುಂಡುಗಳ ಆರು ಗೊಂಚಲು ಒಂದಕ್ಕೊಂದು ಆತುಕೊಂಡಿದ್ದವು. ನಡುವಿನ ಕುಳಿಯ ತಳದವರೆಗೂ ಕಣ್ಣು ಇಳಿಯುತ್ತಿತ್ತು.

“ಈ ಕರಿ ಗುಂಡು ಏನ್ರಿ?”

“ಜಸ್ತಾ, ಅಂದ್ರ ಸತು. ಇನ್ನೊಂದು ಅದರ ಹಿಂದ ಅದ. ಇವೇ ಆರನ್ನೂ ಹಿಡಕೊಂಡು ಕುಂತಾವ. ನಮ್ಮ ಬಿದ್ರಿ ಹೂದಾನ್ಯಾಗೂ ಇದೇ ಜಸ್ತಾ. ಅದರ ಕಪ್ಪು ನೋಡೇ ಬಣ್ಣ ಕೊಟ್ಟೇನಿ.”

ಕಾಕು ಶೋಕೇಸಿನ ಹೂದಾನಿಯನ್ನು ನೋಡಿದರು, ಚಿತ್ರವನ್ನು ನೋಡಿದರು, ಆಮೇಲೆ ಕಾಕಾನನ್ನು ನೋಡಿದರು.

“ಮಾಲು ಚೊಲೋ ಅದ,” ಎಂದು ಫ್ರಿಜ್ಜಿನಿಂದ ಬಾಟಲಿ ತಂದರು.

ಸಿರಿಂಜು ಹಿಡಿದ ಕಾಕಾ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರು. “ಒಂದು ನಿಮಿಷ. ಎಡಗಡೆ ನೆರಳ ಸ್ವಲ್ಪ…”

“ನೆರಳ ಸರಿ ಅದ. ಮೊನ್ನಿನಿಂದಲೇ ಸರಿ ಇತ್ತು. ಮೋಸಂಬಿಗೇ ಚುಚ್ಚಲಾರ್ದವರು ನನಗೇನು ಚುಚ್ತೀರಿ? ನೀವು ತಯಾರಾಗ್ರಿ ಅಂತ ನಾನೂ ತಪ್ಪು ತೆಗದೆ, ಕುಳಿ ಅಂದೆ, ಹುಳ ಅಂದೆ. ಇಲ್ಲಿ ಕೊಡ್ರಿ.”

ಹದಿನೈದು ದಿನ ಅದೇ ಮನೆಗೆ ಓಡಾಡಿಕೊಂಡಿದ್ದ ನನಗೆ ಈ ಸುದ್ದಿ ಸಿಕ್ಕಿರಲಿಲ್ಲ.

ಕಾಕು ಬಾಗಿಲಿಗೆ ಭುಜ ಕೊಟ್ಟು ಕುಳಿತರು. ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದರು. “ಆ ಕಡೆ ತಿರುಗಿ ಕಣ್ಣ ಮುಚ್ಚಕೊಳ್ರಿ,” ಎಂದರು, ಮಗುವಿಗೆ ಹೇಳಿದಂತೆ.

ಪರಮಾಣುವಿನ ಹಿಂದೇನಿದೆ ಎಂದು ಇಣುಕುವ ನಮ್ಮ ಕಾಕಾ, ಗೋಡೆಯ ಕಡೆ ತಿರುಗಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, “ಆತೇನ? ನೋವಾತೇನ?” ಎಂದು ಕೇಳುತ್ತ ನಿಂತಿದ್ದರು. ಕಾಕು ಆಗಲೇ ಚುಚ್ಚಿಕೊಂಡು ಮುಗಿಸಿ, ಅವರ ಬೆನ್ನು ನೋಡುತ್ತ ಕುಳಿತಿದ್ದರು.