ಕೆಳಗಿನ ವೀರ

ಸಹಕಾರ ಎಂಬ ಪದದ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಸಹಕಾರನಗರದಲ್ಲೇ ಮನೆ ಮಾಡಿಕೊಂಡು, ಪಕ್ಕದ ಮನೆಯವರ ಕಾರು ನಮ್ಮ ಗೇಟಿಗೆ ಅಡ್ಡ ನಿಂತಿರುವುದನ್ನು ದಿನವೂ ಕಣ್ತುಂಬ ನೋಡುವವನಿಗೆ ನಂಬಿಕೆ ಬರುವುದಾದರೂ ಹೇಗೆ? ಆದರೂ ಮನೆಯೊಳಗೆ ಸಹಕಾರ ಬೆಳೆಸುವ ಮಹತ್ಕಾರ್ಯಕ್ಕೆ ನಾನೇ ಕೈಹಾಕಿದೆ. ಹೆಂಡತಿ ಸುಮಾಳಿಗೂ ಧಾರವಾಡದಿಂದ ಬಂದಿದ್ದ ಅವಳ ತಾಯಿಗೂ ಯಾವುದೋ ಒಗ್ಗರಣೆಯ ವಿಷಯಕ್ಕೆ ಮಾತು ನಿಂತಿತ್ತು. ಮಗಳ ಎದುರಿಗೇ ಕುಳಿತು ಅತ್ತೆ, "ಅಳಿಯಂದ್ರ, ಆಕಿಗೆ ಉಪ್ಪು ಬೇಕೇನು ಕೇಳ್ರಿ" ಎನ್ನುತ್ತಿದ್ದರು. "ಬೇಡ ಅಂತ ಹೇಳ್ರೀ" ಎನ್ನುತ್ತಿದ್ದಳು ಸುಮಾ. ನಡುವೆ ನಾನು, ಸಂಬಳವಿಲ್ಲದ ಅಂಚೆಯವನು.

ಇದಕ್ಕೆ ಮದ್ದೆಂದು ಒಂದು ವಿಡಿಯೋ ಗೇಮ್ ತಂದೆ. ಬಹಳ ವರ್ಷಗಳಿಂದ ಬರುತ್ತಿರುವ ಸಾಹಸದ ಸರಣಿ ಅದು. ಮದುವೆಗೆ ಮುಂಚೆ ಅದರ ಹಳೆಯ ಕಂತುಗಳಲ್ಲಿ ಒಬ್ಬನೇ ರಾಕ್ಷಸರನ್ನು ಕೊಂದು ರಾಜ್ಯಗಳನ್ನು ಉಳಿಸಿದ ವೀರ ನಾನು. ಹೊಸ ಕಂತಿನಲ್ಲಿ ಮಾತ್ರ ಮೂವರು ಕೂಡಿ ಆಡಬೇಕು. ಒಬ್ಬರ ಹೆಗಲ ಮೇಲೊಬ್ಬರು ಹತ್ತಬೇಕು. ಮೇಲಿನವರು ಬಾಣ ಬಿಡಬೇಕು, ಕೆಳಗಿನವರು ನಡೆಯಬೇಕು. ಪ್ರಾಣವೂ ಮೂವರಿಗೂ ಸೇರಿ ಒಂದೇ. ಒಬ್ಬರು ಬಿದ್ದರೆ ಎಲ್ಲರೂ ಸತ್ತಂತೆ.

"ನೀವು ಕೆಳಗ ನಿಂದರ್ರಿ, ಗಟ್ಟಿ ಅದೀರಿ" ಎಂದರು ಅತ್ತೆ. ಸುಮಾ ನನ್ನ ಹೆಗಲೇರಿದಳು, ಅತ್ತೆ ಅವಳ ಹೆಗಲೇರಿದರು. ಸಂಸಾರದಲ್ಲಿ ಇದ್ದ ವ್ಯವಸ್ಥೆಯೇ ಈಗ ಟೀವಿಯಲ್ಲೂ ಕಾಣತೊಡಗಿತು. ಅತ್ತೆಯ ಬಾಣ ಒಂದೂ ಗುರಿ ತಪ್ಪಲಿಲ್ಲ. ಕೋಟೆಯ ಬಾಗಿಲು ಇನ್ನೇನು ಸಿಕ್ಕಿತು ಎನ್ನುವಾಗ ನಾನು ಇಬ್ಬರನ್ನೂ ಹೊತ್ತುಕೊಂಡು ನೇರವಾಗಿ ಬೆಂಕಿಯ ಹಳ್ಳಕ್ಕೆ ಇಳಿದೆ.

"ರೀ, ಬಲಕ್ಕೆ ಹೋಗ್ರೀ ಅಂದ್ನಲ್ಲ!" ಎಂದು ಕಿರುಚಿದ ಸುಮಾ, ತಾಯಿಯ ಕಡೆ ತಿರುಗಿ, "ಇವ್ರಿಗೆ ಎಡಾ ಬಲಾ ತಿಳಿಯಂಗಿಲ್ಲಮ್ಮಾ" ಎಂದಳು.

"ಮೊದಲಿಂದನೂ ಹಿಂಗ ಏನು?" ಎಂದು ಅತ್ತೆ ಕನಿಕರದಿಂದ ಕೇಳಿದರು.

ಮಾತು ಶುರುವಾಯಿತು. ಗ್ಯಾಸ್ ಸಿಲಿಂಡರ್ ಮರೆತದ್ದು, ಗೊರಗುಂಟೆಪಾಳ್ಯದಲ್ಲಿ ತಪ್ಪು ಬಸ್ಸು ಹತ್ತಿದ್ದು, ಎಲ್ಲವೂ ಹೊರಬಂದವು. ತಾಯಿ ಮಗಳು ಅಷ್ಟು ಅನ್ಯೋನ್ಯವಾಗಿದ್ದುದನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಯೋಜನೆ ಗೆದ್ದಿತೆಂದು ಹೆಮ್ಮೆಪಡುತ್ತ ಟೀ ಮಾಡಲು ಒಳಗೆ ಹೋದೆ.

ಮರಳಿ ಬರುವಷ್ಟರಲ್ಲಿ ಕೋಟೆ ಬಿದ್ದಿತ್ತು. ಟೀವಿಯಲ್ಲಿ ನನ್ನ ಜಾಗದಲ್ಲಿ ನನ್ನ ವೀರನದೇ ಹಸಿರು ಅಂಗಿ ತೊಟ್ಟ ಮರದ ಗೊಂಬೆಯೊಂದು ನಿಂತಿತ್ತು. ಆಟಗಾರರು ಕಡಿಮೆಯಾದರೆ ಗೇಮಿನವರೇ ಅದನ್ನು ಕೊಡುತ್ತಾರಂತೆ.

"ಅದಕ್ಕೆ ತಾನಾಗಿ ನಡೆಯೋಕೆ ಬರಲ್ವಲ್ಲ?" ಎಂದೆ.

"ನಡೆಸಿದ್ರೆ ನಡೆಯುತ್ತೆ. ಇಲ್ದಿದ್ರೆ ಸುಮ್ನೆ ನಿಂತಿರುತ್ತೆ" ಎಂದಳು ಸುಮಾ.

"ಎದುರು ಮಾತಾಡಂಗಿಲ್ಲ" ಎಂದು ಅತ್ತೆ ಸೇರಿಸಿದರು.

ನಾನು ಟ್ರೇ ಹಿಡಿದು ಹಾಗೆಯೇ ನಿಂತಿದ್ದೆ. "ಅಲ್ಲಿಡ್ರೀ" ಎಂದು ಸುಮಾ ಹೇಳಿದ ಮೇಲೆ ಟೇಬಲ್ಲಿನ ಕಡೆಗೆ ನಡೆದೆ.